ಕಾಗದವನ್ನು ಕೆಳಗಿನಿಂದ ಓದುತ್ತಿದ್ದವರು

ಅವರು ಇಮೇಲನ್ನು ಪ್ರಿಂಟ್ ತೆಗೆದು ಓದುತ್ತಿದ್ದರು. ಅದೂ ನಾವು ನೀವು ಓದುವ ಭಾಗವನ್ನಲ್ಲ. ಪ್ರತಿಯೊಂದು ಮೇಲ್‌ನ ತಲೆಯ ಮೇಲೆ, ನಮ್ಮ ಕಣ್ಣಿಗೆ ಬೀಳದ ಹಾಗೆ, ಅದು ಎಲ್ಲಿಂದ ಹೊರಟಿತು, ಯಾವ ಯಾವ ಕಂಪ್ಯೂಟರನ್ನು ಹಾದು ಬಂತು, ಯಾರು ಅದನ್ನು ತಡೆದು ಕೇಳಿದರು ಎಂಬುದೆಲ್ಲ ಸಾಲುಸಾಲಾಗಿ ದಾಖಲಾಗಿರುತ್ತದೆ. ಅವರು ಓದುತ್ತಿದ್ದದ್ದು ಅದನ್ನು. ಮೊಣಕಾಲ ಮೇಲೆ ಪರೀಕ್ಷೆಗೆ ಒಯ್ಯುವಂಥ ರಟ್ಟು, ರಟ್ಟಿನ ಮೇಲೆ ಹಾಳೆ, ಹಾಳೆಯ ಮೇಲೆ ಮರದ ಸ್ಕೇಲು. ಸ್ಕೇಲನ್ನು ಹಾಳೆಯ ತಳಕ್ಕಿಟ್ಟು ಒಂದೊಂದೇ ಸಾಲು ಮೇಲಕ್ಕೆ ಸರಿಸುತ್ತಿದ್ದರು. ಮೇಲ್ ಹೊರಟ ಜಾಗ ಎಲ್ಲಕ್ಕಿಂತ ಕೆಳಗಿರುತ್ತದೆ, ತಲುಪಿದ ಜಾಗ ಎಲ್ಲಕ್ಕಿಂತ ಮೇಲೆ.

"ಮೇಲಿಂದ ಓದೋಕೆ ಇದೇನ್ ನ್ಯೂಸ್ ಪೇಪರ್ರಾ ಮೇಡಮ್ಮ? ಕೆಳಗಿಂದ ಹತ್ತಿ. ಸುಳ್ಳು ಹೇಳೋನು ಯಾವ ಮೆಟ್ಲಲ್ಲಿ ಕೂತವ್ನೆ ಅಂತ ತಾನಾಗೇ ಸಿಗ್ತಾನೆ" ಎಂದು ನನಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಅವರ ಹೆಂಡತಿ ಇದ್ದಾರೆ, ನನ್ನನ್ನು ಕಂಡರೆ ಇವತ್ತಿಗೂ ಒಳಗೆ ಕರೆದು ಕೂರಿಸುವ ಹೆಣ್ಣುಮಗಳು. ಯಾರದೇ ಸಾವಿನ ಮನೆಗೆ ಹೋದರೂ ನನಗೆ ಅಳು ಬಂದೇ ಬರುತ್ತದೆ. ಗುರುತಿಲ್ಲದವರ ಮುಂದೆಯೂ ಅತ್ತವಳು ನಾನು. ಉಪ್ಪಾರಹಳ್ಳಿಯ ಅವರ ಮನೆಯ ಹಜಾರದಲ್ಲಿ ಅವರನ್ನು ಮಲಗಿಸಿದ್ದಾಗ ಮಾತ್ರ ಸುಮ್ಮನೆ ನಿಂತಿದ್ದೆ. ಪಕ್ಕದಲ್ಲಿದ್ದವರು, ಪಾಪ ಮೇಡಂಗೆ ದುಃಖ ಒಳಗೇ ಹೋಗಿದೆ ಎಂದುಕೊಂಡರು. ಒಳಗೆ ಹೋಗಿದ್ದದ್ದು ದುಃಖವಲ್ಲ.

ಟೆಲಿಫೋನ್ ಇಲಾಖೆಯಲ್ಲಿ ಅವರದು ಕೇಬಲ್ ಜೋಡಿಸುವ ಕೆಲಸ. ರಸ್ತೆ ಬದಿಯ ಗುಂಡಿಯಲ್ಲಿ ಕುಕ್ಕುರುಗಾಲಲ್ಲಿ ಕೂತು, ನೂರಾರು ಬಣ್ಣದ ತಂತಿಗಳಲ್ಲಿ ಯಾವುದಕ್ಕೆ ಯಾವುದು ಎಂದು ಹುಡುಕಿ ಬೆಸೆಯುವುದು. ತುಮಕೂರಿನಲ್ಲಿ ಯಾವ ರಸ್ತೆಯಲ್ಲಿ ಜೊತೆಗೆ ನಡೆದು ಹೋದರೂ ಇಲ್ಲಿ ಕೆಳಗೆ ನಮ್ಮ ಜಾಯಿಂಟ್ ಇದೆ ಎಂದು ಕಾಲಲ್ಲಿ ನೆಲ ತಟ್ಟಿ ತೋರಿಸುತ್ತಿದ್ದರು. ಇಲಾಖೆಯವರು ಕಂಪ್ಯೂಟರ್ ತರಬೇತಿಗೆ ಕಳಿಸಿದಾಗ ಅವರಿಗೆ ನಲವತ್ತು ದಾಟಿತ್ತು. ಜೊತೆಯವರೆಲ್ಲ ಊಟದ ಭತ್ಯೆಗೆ ಸಹಿ ಹಾಕಿ ವಾಪಸ್ ಬಂದರೆ ಇವರು ಮಾತ್ರ ಕಲಿತು ಬಂದರು. ಬಂದವರೇ 'ತೆಂಗಿನ ಪಟ್ಟಿ' ಶುರುಮಾಡಿದರು.

ಪಟ್ಟಿ ಎಂದರೆ ಮೈಲಿಂಗ್ ಲಿಸ್ಟ್. ಒಂದು ವಿಳಾಸಕ್ಕೆ ಯಾರಾದರೂ ಮೇಲ್ ಬರೆದರೆ ಅದು ಎಲ್ಲ ಸದಸ್ಯರ ಡಬ್ಬಿಗೂ ಹೋಗುತ್ತದೆ. ನಮ್ಮಲ್ಲಿ ಇದ್ದವರೆಲ್ಲ ಒಂದು ಕಾಲು ಆಫೀಸಿನಲ್ಲಿ, ಒಂದು ಕಾಲು ತೋಟದಲ್ಲಿ ಇಟ್ಟವರು. ಅಂತರಸನಹಳ್ಳಿಯ ಕಾರ್ಖಾನೆಯವರು, ಬ್ಯಾಂಕಿನವರು, ನನ್ನಂಥ ಮೇಷ್ಟ್ರುಗಳು. ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಊರಾಚೆ ಅಪ್ಪ ಬಿಟ್ಟುಹೋದ ಅರವತ್ತು ತೆಂಗಿನ ಮರ ಇದೆ. ಸುಳಿ ಕೊರೆಯುವ ದುಂಬಿಗೆ ಏನು ಮಾಡುವುದು, ಹರಳು, ಅಂದರೆ ಎಳೆಗಾಯಿ, ಉದುರಿದರೆ ಯಾವ ಗೊಬ್ಬರ ಹಾಕುವುದು, ಮರ ಹತ್ತುವವರು ಯಾವ ಊರಲ್ಲಿ ಸಿಗುತ್ತಾರೆ, ಇವೇ ಮಾತು. ವಾಟ್ಸಪ್ ಗುಂಪು ಮಾಡೋಣ ಎಂದು ಹೇಳಿದವರಿಗೆ ಅವರು ಕೊಡುತ್ತಿದ್ದ ಉತ್ತರ ಒಂದೇ: ಅಲ್ಲಿ ಬೆಳಿಗ್ಗೆ ಎದ್ದರೆ ಗುಲಾಬಿ ಹೂವಿನ ಚಿತ್ರ, ಮಲಗುವಾಗ ಚಂದ್ರನ ಚಿತ್ರ, ನಡುವೆ ತೆಂಗಿಗೆ ಜಾಗ ಎಲ್ಲಿ?

ಪಟ್ಟಿಗೆ ಎರಡು ಪದ್ಧತಿ ಇದ್ದವು. ಎರಡೂ ಅವರು ಮಾಡಿದ್ದು. ಮೊದಲನೆಯದು ಊಟದ ಸಾಲು. ಯಾರೇ ಏನೇ ಬರೆಯಲಿ, ಅದರ ಬುಡಕ್ಕೆ ಅವರ ಕಂಪ್ಯೂಟರ್ ತಾನಾಗಿ ಒಂದು ಸಾಲು ಅಂಟಿಸುತ್ತಿತ್ತು: ಮುಂದಿನ ತಿಂಗಳ ಕೂಟ ಯಾರ ತೋಟದಲ್ಲಿ, ಅಲ್ಲಿ ಊಟಕ್ಕೆ ಏನು. 'ಕೂಟ: ಗುಬ್ಬಿ ದಾಟಿ ಎಡಕ್ಕೆ, ಮುದ್ದೆ, ಹಿತಕಿದ ಬೇಳೆ ಸಾರು.' ಬರೆದವರು ಕೀಟದ ಬಗ್ಗೆ ಎರಡು ಪುಟ ಬರೆದಿದ್ದರೂ ಎಷ್ಟೋ ಜನ ಮೊದಲು ಬುಡ ನೋಡಿ ಆಮೇಲೆ ತಲೆ ನೋಡುತ್ತಿದ್ದರು.

ಎರಡನೆಯ ಪದ್ಧತಿ ದೂರಿನದು. ಒಬ್ಬ ಅಂಗಡಿಯವನ ಮೇಲೆ, ಗೊಬ್ಬರದವನ ಮೇಲೆ, ಯಾರ ಮೇಲೇ ತಕರಾರು ಇದ್ದರೂ ಪಟ್ಟಿಯಲ್ಲಿ ಹೆಸರು ಹಾಕಿ ಬರೆಯಬೇಕು, ಫೋನಿನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿಸಬಾರದು. ಬರೆದರೆ ಆ ಮನುಷ್ಯನಿಗೂ ಉತ್ತರ ಹೇಳುವ ದಾರಿ ಇರುತ್ತದೆ, ಫೋನಿನಲ್ಲಿ ಹೇಳಿದರೆ ಅದು ಚಾಡಿಯಾಗುತ್ತದೆ ಎನ್ನುತ್ತಿದ್ದರು. ನನಗೆ ಬಹಳ ಇಷ್ಟವಾಗಿದ್ದ ನಿಯಮ ಅದು. ಮಕ್ಕಳಿಗೂ ತರಗತಿಯಲ್ಲಿ ಹೇಳಿದ್ದೆ.

ನನಗೂ ಅವರಿಗೂ ನಂಟು ಬೆಳೆದದ್ದು ಒಂದು ತೊಂದರೆಯಿಂದ. ನಮ್ಮ ಶಾಲೆಯ ಹೆಸರಿನಲ್ಲಿ ಯಾರೋ ಪೋಷಕರಿಗೆ ಸುಳ್ಳು ಮೇಲ್ ಕಳಿಸಿದರು ಎಂದು ಆಡಳಿತದವರು ಹೆದರಿ, ತುಮಕೂರಿನ ಒಂದು ವೆಬ್‌ಸೈಟ್ ಅಂಗಡಿಗೆ ಹೇಳಿ ಶಾಲೆಯ ವಿಳಾಸಕ್ಕೆ ಬಿಗಿ ಕಾವಲು ಹಾಕಿಸಿದರು. ಅದಾದ ಮೇಲೆ ನಾನು ಶಾಲೆಯ ವಿಳಾಸದಿಂದ ಪಟ್ಟಿಗೆ ಬರೆದದ್ದು ಅರ್ಧ ಜನಕ್ಕೆ ತಲುಪಲೇ ಇಲ್ಲ. ಅದರ ಮೇಲೆ ಇನ್ನೊಂದು ವಿಚಿತ್ರ. ಕುಣಿಗಲ್ಲಿನಿಂದ ಹಾರ್ಡ್‌ವೇರ್ ಅಂಗಡಿಯ ಮೆಹಬೂಬ್ ಸಾಹೇಬರು ನನಗೆ ಫೋನ್ ಮಾಡಿ, "ಏನ್ ಮೇಡಂ, ನೀವು ಬರೆದ್ರೆ ನನ್ ಹೆಸ್ರು ಹೊಡೀತಾರಂತಲ್ಲ, ನಾನೇನ್ ಮಾಡಿದ್ದೆ ನಿಮ್ಗೆ?" ಎಂದು ಕೇಳಿದರು. ಅವರನ್ನು ಪಟ್ಟಿಯಿಂದಲೇ ಕೈಬಿಡಲಾಗಿತ್ತು.

ಇಬ್ಬರೂ ಒಂದು ಭಾನುವಾರ ಉಪ್ಪಾರಹಳ್ಳಿಗೆ ಹೋದೆವು. ಅವರು ಹಾಳೆ ಪ್ರಿಂಟ್ ತೆಗೆದು, ಸ್ಕೇಲ್ ಸರಿಸಿ, ನಮಗೆ ಅರ್ಥವಾಗುವ ಹಾಗೆ ಹೇಳಿದರು. ಪ್ರತಿ ಮನೆಯವರೂ, ಅಂದರೆ ಪ್ರತಿ ಸಂಸ್ಥೆಯವರೂ, ಬೀದಿ ಬಾಗಿಲಿಗೆ ಒಂದು ಚೀಟಿ ಅಂಟಿಸಿರುತ್ತಾರೆ: ನಮ್ಮ ಮನೆಯ ಕಾಗದ ಇಂಥಿಂಥ ಆಳುಗಳೇ ತರುತ್ತಾರೆ. ಅದು ಎಸ್‌ಪಿಎಫ್. ಕಾಗದಕ್ಕೆ ಅರಗಿನ ಮುದ್ರೆ ಒತ್ತಿರುತ್ತಾರೆ, ಒಳಗಿನ ಒಂದಕ್ಷರ ಬದಲಾದರೂ ಮುದ್ರೆ ಒಡೆಯುತ್ತದೆ. ಅದು ಡಿಕಿಮ್. ಆಳೂ ಬೇರೆ, ಮುದ್ರೆಯೂ ಒಡೆದಿದೆ ಎಂದರೆ ಏನು ಮಾಡಬೇಕು ಎಂದು ಮನೆಯ ಯಜಮಾನ ಮೊದಲೇ ಹೇಳಿಟ್ಟಿರುತ್ತಾನೆ, ಅದು ಡಿಮಾರ್ಕ್. ನಮ್ಮ ಶಾಲೆಯವರು ಹೇಳಿಟ್ಟದ್ದು, ಒಳಕ್ಕೆ ಬಿಡಬೇಡಿ ಎಂದು. ನನ್ನ ಕಾಗದ ಪಟ್ಟಿಯ ಕಂಪ್ಯೂಟರ್‌ಗೆ ಹೋಗಿ ಅಲ್ಲಿಂದ ಎಲ್ಲರ ಮನೆಗೂ ಹೋಗುತ್ತದೆ, ಆದ್ದರಿಂದ ಆಳು ಬೇರೆಯಾದ. ದಾರಿಯಲ್ಲಿ ಪಟ್ಟಿಯವರು ಬುಡಕ್ಕೆ ಏನೋ ಅಂಟಿಸಿದ್ದರಿಂದ ಮುದ್ರೆಯೂ ಒಡೆಯಿತು. ಮೆಹಬೂಬ್ ಸಾಹೇಬರ ಡಬ್ಬಿ ಪ್ರತಿ ಸಲ ನನ್ನ ಕಾಗದ ವಾಪಸ್ ಕಳಿಸಿತು, ಪಟ್ಟಿಯ ಯಂತ್ರ ಇವರ ವಿಳಾಸವೇ ಸತ್ತಿದೆ ಎಂದುಕೊಂಡು ಹೆಸರು ಹೊಡೆಯಿತು.

"ಅಂದ್ರೆ ನನ್ ಕಾಗದದ ಮುದ್ರೆ ಒಡೆದಿದ್ದು ಹಿತಕಿದ ಬೇಳೆ ಸಾರಾ ಸಾರ್?" ಎಂದೆ.

ಅವರು ನಗಲಿಲ್ಲ. ಊಟದ ಸಾಲು ತೆಗೆದುಬಿಡಿ, ಮುದ್ರೆ ಉಳಿಯುತ್ತದೆ ಎಂದು ಮೆಹಬೂಬ್ ಸಾಹೇಬರು ಹೇಳಿದಾಗ ಅವರಿಗೆ ನಿಜವಾಗಿಯೂ ನೋವಾಯಿತು. ಊಟದ ಸಾಲು ತೆಗೆದರೆ ಪಟ್ಟಿಯಲ್ಲಿ ಉಳಿಯುವವರು ನಾನು, ನೀವು ಮತ್ತು ದುಂಬಿ ಎಂದರು. ಹದಿನೈದು ದಿನ ತಲೆ ಕೆಡಿಸಿಕೊಂಡು ಬೇರೆ ದಾರಿ ಹುಡುಕಿದರು. ಇನ್ನು ಮೇಲೆ ಯಾರ ಕಾಗದ ಬಂದರೂ ಪಟ್ಟಿ ಅದನ್ನು ಬಿಚ್ಚಿ, ಊಟದ ಸಾಲು ಸೇರಿಸಿ, ತನ್ನದೇ ಹೊಸ ಲಕೋಟೆಗೆ ಹಾಕಿ, ಕಳಿಸುವವರ ಜಾಗದಲ್ಲಿ ತನ್ನ ವಿಳಾಸ ಬರೆದು, ತನ್ನದೇ ಮುದ್ರೆ ಒತ್ತಿ ಕಳಿಸುತ್ತದೆ. ಹೆಸರು ಮಾತ್ರ ನಮ್ಮದು. ಮುಂದೆ ಯಾವ ಶಾಲೆಯ ಕಾವಲು ಎಷ್ಟೇ ಬಿಗಿಯಾದರೂ ಈ ತೊಂದರೆ ಬರುವುದಿಲ್ಲ ಎಂದು ನನಗೆ ಅವರೇ ಹೇಳಿದರು. ಹಾಗೇ ಆಯಿತು. ಮೆಹಬೂಬ್ ಸಾಹೇಬರ ಹೆಸರು ಮತ್ತೆ ಸೇರಿತು, ನಾವು ಮೂವರೂ ಸ್ನೇಹಿತರಾದೆವು. ದೇವರಾಯನದುರ್ಗದ ತಪ್ಪಲಲ್ಲಿ ಕೂಟ ಇದ್ದಾಗ ಸಾಹೇಬರ ಸ್ಕೂಟರ್ ಹಿಂದೆ ಅವರು, ಅವರ ತೊಡೆಯ ಮೇಲೆ ನನ್ನ ಚಿತ್ರಾನ್ನದ ಡಬ್ಬಿ, ಹಿಂದೆ ಬಸ್ಸಿನಲ್ಲಿ ನಾನು.

ನಾನು ಅವರಿಂದ ಕಲಿತದ್ದು ಎಷ್ಟೋ. ಗೊತ್ತಿಲ್ಲ ಎಂದು ಹೇಳುವಾಗ ಅವರು ಕನ್ನಡಕ ತೆಗೆದು ಹೇಳುತ್ತಿದ್ದರು, ಗೊತ್ತು ಎನ್ನುವಾಗ ಹಾಕಿಕೊಂಡೇ. ಟೀಯನ್ನು ಬಸಿಗೆ ಸುರಿದು, ಬಸಿಯನ್ನು ಮರೆತು, ಲೋಟದಲ್ಲಿ ಉಳಿದದ್ದನ್ನು ಮಾತ್ರ ಕುಡಿಯುತ್ತಿದ್ದರು. ಯಂತ್ರ ಕೆಟ್ಟಾಗ ಅದನ್ನು ಬೈದವರನ್ನು ಕಂಡರೆ ಸಿಟ್ಟು ಬರುತ್ತಿತ್ತು. ಅದಕ್ಕೆ ಬಾಯಿಲ್ಲ, ಅದರ ಮೇಲೆ ತಪ್ಪು ಹೊರಿಸಬೇಡಿ ಎನ್ನುತ್ತಿದ್ದರು. ಇದನ್ನು ಬರೆಯುವಾಗ ಕೈ ನಿಲ್ಲುತ್ತಿದೆ, ಆದರೆ ಅವರು ಹಾಗೆ ಅನ್ನುತ್ತಿದ್ದದ್ದು ನಿಜ.

ಎರಡು ಮುಂಗಾರಿನ ಹಿಂದಿನ ಮಾತು. ಶಾಲೆಯ ಅಂಗಳದಲ್ಲಿ ನಾಲ್ಕು ತೆಂಗಿನ ಸಸಿ ನೆಡೋಣ ಎಂದು ಕುಣಿಗಲ್ ರಸ್ತೆಯ ಒಂದು ನರ್ಸರಿಗೆ ಹೋಗಿದ್ದೆ. ಪಟ್ಟಿಯಲ್ಲಿ ಪ್ರತಿ ವರ್ಷ ಅವರ ಜಾಹೀರಾತು ಬರುತ್ತಿತ್ತು: ನಮ್ಮದೇ ತೋಟದ ಹಳೆಯ ತಾಯಿಮರದ ಬೀಜದ ಕಾಯಿ, ಆರಿಸಿದ್ದು. ನಾನು ನಿಂತಿದ್ದಾಗಲೇ ಹಿಂದಿನ ಗೇಟಿನಲ್ಲಿ ಲಾರಿ ಬಂತು. ಮಂಡಿಯಿಂದ ಬಂದ ರಾಶಿ ಕಾಯಿ. ದೊಡ್ಡದು, ಚಿಕ್ಕದು, ಓರೆಯದು ಎಲ್ಲವನ್ನೂ ಸುರಿದು ನೇರವಾಗಿ ಮಡಿಗೆ ಜೋಡಿಸತೊಡಗಿದರು. ಇದೇನಮ್ಮ, ತಾಯಿಮರದ ಕಾಯಿ ಎಲ್ಲಿ ಎಂದು ಕೆಲಸದ ಹೆಂಗಸನ್ನು ಕೇಳಿದೆ. ಆಕೆಗೆ ಸುಳ್ಳು ಹೇಳಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಎಲ್ಲ ವರ್ಷವೂ ಇದೇ ಕಾಯಿ ಅಕ್ಕ, ಮೊಳೆತರೆ ಎಲ್ಲವೂ ಒಂದೇ ಥರ ಕಾಣುತ್ತೆ ಎಂದಳು.

ತೆಂಗಿನವರಿಗೆ ಇದರ ಭಾರ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ. ರಾಗಿ ಬೀಜ ಕೆಟ್ಟದಾದರೆ ನಾಲ್ಕು ತಿಂಗಳಿಗೆ ಗೊತ್ತಾಗುತ್ತದೆ. ತೆಂಗಿನ ಸಸಿ ಕೆಟ್ಟದ್ದು ಎಂದು ಗೊತ್ತಾಗುವುದಕ್ಕೆ ಏಳೆಂಟು ವರ್ಷ ನೀರು ಹಾಕಬೇಕು. ಆ ವರ್ಷ ಮೆಹಬೂಬ್ ಸಾಹೇಬರು ಎರಡು ಎಕರೆ ಜಮೀನು ತೆಗೆದುಕೊಂಡಿದ್ದರು. ಅವರ ವಂಶದಲ್ಲಿ ಮೊದಲ ಜಮೀನು. ನೂರು ಗುಂಡಿ ತೆಗೆಸಿ, ಮಳೆ ಹಿಡಿದುಕೊಂಡ ಮೇಲೆ ಆ ನರ್ಸರಿಯಿಂದಲೇ ಸಸಿ ತರುವುದು ಎಂದು ಕೂಟದಲ್ಲಿ ಹೇಳಿದ್ದರು. ಅಷ್ಟರೊಳಗೆ ಅವರಿಗೆ ವಿಷಯ ತಲುಪಬೇಕಿತ್ತು.

ಅಂದೇ ಸಂಜೆ ಪಟ್ಟಿಗೆ ಬರೆದೆ. ಕಂಡದ್ದಷ್ಟೇ ಬರೆದೆ, ಹೆಸರು ಹಾಕಿ ಬರೆದೆ. ಮಾರನೆಯ ದಿನ ಕಾಗದ ಯಾರಿಗೂ ಬರಲಿಲ್ಲ. ಉಪ್ಪಾರಹಳ್ಳಿಗೆ ಫೋನ್ ಮಾಡಿದೆ. ಮತ್ತೆ ನಿಮ್ಮ ಶಾಲೆಯ ಮುದ್ರೆಯದೇ ತಕರಾರು ಎಂದರು. ಹೊಸ ಲಕೋಟೆ ಹಾಕುತ್ತಿದ್ದೀರಲ್ಲ ಸಾರ್ ಎಂದು ಕೇಳಿದೆ. ಈಗ ಎಲ್ಲ ಕಡೆ ಇನ್ನೂ ಬಿಗಿ ಮಾಡಿದ್ದಾರೆ, ಹೊಸ ಲಕೋಟೆಯೂ ಸಾಲದು ಎಂದರು. ಆಗ ಅವರು ಕನ್ನಡಕ ಹಾಕಿದ್ದರೋ ತೆಗೆದಿದ್ದರೋ, ಫೋನಿನಲ್ಲಿ ನನಗೆ ಕಾಣಲಿಲ್ಲ. ಬೇರೆ ವಿಳಾಸದಿಂದ ಬರೆಯಲೇ ಎಂದರೆ, ದೂರಿನ ಕಾಗದ, ಸದಸ್ಯರ ವಿಳಾಸದಿಂದಲೇ ಬರಬೇಕು, ಇಲ್ಲದಿದ್ದರೆ ನಾಳೆ ನರ್ಸರಿಯವರು ಇದು ಯಾರೋ ಅನಾಮಧೇಯ ಎನ್ನುತ್ತಾರೆ ಎಂದರು. ನ್ಯಾಯವಾಗಿಯೇ ಕಂಡಿತು.

ಏಳು ವಾರ ಓಡಾಡಿದೆ. ಶಾಲೆ ಬಿಟ್ಟ ಮೇಲೆ ಗುಬ್ಬಿಯಿಂದ ಬಸ್ಸು ಹತ್ತಿ ವೆಬ್‌ಸೈಟ್ ಅಂಗಡಿಗೆ ಹೋಗುವುದು. ಉಪ್ಪಾರಹಳ್ಳಿಯವರು ಹೇಳಿಕೊಟ್ಟಂತೆ ಬಾಗಿಲಿನ ಚೀಟಿಗೆ ಪಟ್ಟಿಯ ಹೆಸರು ಹಾಕಿಸಿದೆ. ಹೊಸ ಮುದ್ರೆ ಮಾಡಿಸಿದೆ. ಎಲ್ಲ ಕಡೆ ಹರಡಲು ಎರಡು ದಿನ ಬೇಕು ಎಂದರು, ಕಾದೆ. ಮತ್ತೆ ಬರೆದೆ, ಮತ್ತೆ ಹೋಗಲಿಲ್ಲ. ಇನ್ನೊಂದು ಬದಲಾಯಿಸಿ ಎಂದರು, ಬದಲಾಯಿಸಿದೆ. ಈ ನಡುವೆ ಮೆಹಬೂಬ್ ಸಾಹೇಬರ ನಂಬರ್ ಎಷ್ಟು ಸಲ ತೆಗೆದು ನೋಡಿದೆನೋ. ಫೋನಿನಲ್ಲಿ ಹೇಳಿದರೆ ಚಾಡಿ. ಪಟ್ಟಿಯಲ್ಲಿ ನಾಳೆ ಹೋಗಿಯೇ ಹೋಗುತ್ತದಲ್ಲ ಎಂದು ಇಟ್ಟುಬಿಡುತ್ತಿದ್ದೆ.

ಒಂದು ದಿನ ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರ ಕಾಗದ ನನ್ನ ಡಬ್ಬಿಗೆ ಬಂತು. ಪಟ್ಟಿಯ ಮೂಲಕವೇ ಬಂದದ್ದು. ದುಂಬಿಗೆ ಬಲೆ ಹಾಕುವುದರ ಬಗ್ಗೆ ಏನೋ ಬರೆದಿದ್ದರು. ಅವರದೂ ಶಾಲೆಯ ವಿಳಾಸ, ಅದೇ ಕಾವಲು, ಅದೇ ಮುದ್ರೆ. ಅದೇ ದಿನ ಬೆಳಿಗ್ಗೆ ನಾನು ನಾಲ್ಕನೆಯ ಸಲ ಬರೆದದ್ದು ಹೋಗಿರಲಿಲ್ಲ. ವೆಬ್‌ಸೈಟ್ ಅಂಗಡಿಯ ಹೆಣ್ಣುಮಗಳು ನನ್ನ ಕಾಗದದ ದಾಖಲೆ ತೆಗೆದು ತೋರಿಸಿದಳು: ಪಟ್ಟಿಯ ಕಂಪ್ಯೂಟರ್ ನನ್ನ ನಾಲ್ಕೂ ಕಾಗದಗಳನ್ನು ಒಂದು ಮಾತೂ ಆಡದೆ ಒಳಕ್ಕೆ ತೆಗೆದುಕೊಂಡಿತ್ತು. "ಮಿಸ್, ನಮ್ ಕಡೆ ಏನೂ ತಪ್ಪಿಲ್ಲ. ಒಳಗ್ ಹೋಗಿದ್ದು ಏನಾಯ್ತು ಅಂತ ಅವ್ರನ್ನೇ ಕೇಳಿ" ಎಂದಳು. ಪಿ.ಟಿ. ಮೇಷ್ಟ್ರದನ್ನೂ ನನ್ನದನ್ನೂ ಪ್ರಿಂಟ್ ತೆಗೆದೆ. ಕೆಳಗಿನಿಂದ ಓದಿದೆ. ಒಂದು ಹತ್ತಿತ್ತು, ಒಂದು ಪಟ್ಟಿಯ ಮೆಟ್ಟಿಲಲ್ಲಿ ನಿಂತಿತ್ತು.

ಉಪ್ಪಾರಹಳ್ಳಿಗೆ ಹೋದಾಗ ಅವರ ಹೆಂಡತಿ ಟೀ ತಂದಿಟ್ಟರು. ನಾನು ಹಾಳೆಗಳನ್ನು ರಟ್ಟಿನ ಮೇಲಿಟ್ಟೆ. ಅಭ್ಯಾಸಬಲ, ಅವರು ಸ್ಕೇಲ್ ತೆಗೆದುಕೊಂಡು ಪಿ.ಟಿ. ಮೇಷ್ಟ್ರದನ್ನು ಬುಡದಿಂದ ಓದುತ್ತಾ ಹೋದರು. ಮಧ್ಯದಲ್ಲಿ ಸ್ಕೇಲ್ ನಿಂತಿತು.

"ಇದು ಹೋಗಿದೆ" ಎಂದರು.

"ಹೋಗಿದೆ ಸಾರ್. ನಂದು?"

ನನ್ನ ಹಾಳೆಯನ್ನು ಮುಟ್ಟದೆ ಸ್ಕೇಲನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ನಾನೇ ತಡೆದೆ ಕಣಮ್ಮ" ಎಂದರು. "ಆ ನರ್ಸರಿ ನಮ್ ತಂಗಿ ಯಜಮಾನ್ರುದು. ನಿಮ್ಗೆ ಎದುರಿಗೆ ಹೇಳೋಕೆ ನಾಚ್ಕೆ ಆಯ್ತು. ಮಿಷಿನ್ ಮೇಲೆ ಹಾಕ್ಬುಟ್ಟೆ."

"ಬೇಡ ಅಂದಿದ್ರೆ ಜಗಳ ಆಡ್ತಿದ್ದೆ ಸಾರ್. ಜಗಳ ಆಡಿ ನಾನೇ ಊರೂರಿಗೆ ಹೋಗಿ ಹೇಳ್ಕೊಂಡ್ ಬರ್ತಿದ್ದೆ. ದಾರೀಲಿ ನಿಂತಿದೆ, ನಾಳೆ ಹೋಗುತ್ತೆ ಅಂದ್ರಲ್ಲ. ಅದಕ್ಕೆ ಕಾಯ್ತಾ ಕೂತೆ." ನಾನು ಹೇಳಿದೆ, "ಮೆಹಬೂಬ್ ಸಾಹೇಬ್ರು ಹೋದ್ ವಾರ ಸಸಿ ನೆಟ್ರು."

"ಗೊತ್ತು" ಎಂದರು. "ಗಾಡಿಗೆ ತುಂಬುವಾಗ ನಾನೂ ಅಲ್ಲೇ ನಿಂತಿದ್ದೆ."

ಇಷ್ಟು ವರ್ಷದಲ್ಲಿ ಅವರು ಹೇಳಿದ ಎಷ್ಟೋ ಮಾತು ಮರೆತಿದ್ದೇನೆ. ಇದು ಮರೆಯುತ್ತಿಲ್ಲ. ತಂಗಿಯ ಮನೆ ಉಳಿಸಿಕೊಂಡರು ಎನ್ನುವುದು ನನಗೆ ಅರ್ಥವಾಗುತ್ತದೆ. ನಮ್ಮ ಮನೆಯಲ್ಲೂ ತಂಗಿಯಂದಿರಿದ್ದಾರೆ. ಆದರೆ ನನಗೆ ಕಲಿಸಿದ ವಿದ್ಯೆಯನ್ನೇ ಹಿಡಿದು ನನ್ನನ್ನು ಏಳು ವಾರ ಸುತ್ತಿಸಿದರಲ್ಲ. ನಾನು ಅರ್ಧ ಕಲಿತಿದ್ದೇನೆ, ಎಲ್ಲಿ ನಂಬುತ್ತೇನೆ, ಎಲ್ಲಿ ಕೇಳುವುದಿಲ್ಲ ಎಂದು ಅವರಿಗಲ್ಲದೆ ಯಾರಿಗೆ ಗೊತ್ತಿತ್ತು? ಟೀ ಕುಡಿಯದೆ ಎದ್ದು ಬಂದೆ.

ಅಲ್ಲಿಂದ ನೇರ ಕುಣಿಗಲ್ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಮೆಹಬೂಬ್ ಸಾಹೇಬರು ಮೊಳೆ ತೂಗುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಗಿರಾಕಿಯನ್ನು ಕಳಿಸಿ, ಕೈ ಒರೆಸಿಕೊಂಡು, ನನ್ನ ಮುಖ ನೋಡಿದರು. ಪಟ್ಟಿಯ ಸಾಹೇಬರು ಹಾಗೆ ಮಾಡುವವರಲ್ಲ ಎಂದರು. ದಾಖಲೆಯ ಹಾಳೆಗಳು ಉಪ್ಪಾರಹಳ್ಳಿಯಲ್ಲೇ ಉಳಿದಿದ್ದವು, ತೋರಿಸಲು ನನ್ನಲ್ಲಿ ಇದ್ದದ್ದು ನನ್ನ ಕಾಗದದ ನನ್ನದೇ ಪ್ರತಿ. ಅದನ್ನು ಯಾರು ಯಾವತ್ತು ಬೇಕಾದರೂ ಬರೆದುಕೊಳ್ಳಬಹುದು. ಸಸಿ ಕಿತ್ತು ಬೇರೆ ಹಾಕಿ ಎಂದೆ. "ಮೊದಲ್ನೇ ಸಸಿ ನಮ್ ಅಮ್ಮೀ ಕೈಯಿಂದ ನೆಡ್ಸಿದೀನಿ. ಕೀಳಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಎರಡು ತಿಂಗ್ಳು ಗೊತ್ತಿದ್ದು ಒಂದ್ ಫೋನ್ ಮಾಡೋಕಾಗ್ಲಿಲ್ವಾ ಮೇಡಂ?" ಎಂದರು. ಪದ್ಧತಿ ಎಂದು ಬಾಯಿಗೆ ಬಂತು, ನುಂಗಿದೆ. ಅವರು ಮತ್ತೆ ಮೊಳೆಯ ತಕ್ಕಡಿಗೆ ಕೈ ಹಾಕಿದರು.

ಹತ್ತಿರದವರೇ ನಂಬದ ಮೇಲೆ ದೂರದವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಅದು ನನ್ನ ತಪ್ಪು, ಇಲ್ಲೇ ಬರೆದುಬಿಡುತ್ತೇನೆ. ಪಟ್ಟಿ ಬಿಟ್ಟೆ. ಮುಂದಿನ ವರ್ಷ ಆ ನರ್ಸರಿಯ ಜಾಹೀರಾತು ಪಟ್ಟಿಯಲ್ಲಿ ಬರಲಿಲ್ಲವಂತೆ. ಯಾಕೆ ಎಂದು ಅವರು ಯಾರಿಗೂ ಹೇಳಲಿಲ್ಲವಂತೆ. ಒಂದು ಸಲ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಎದುರಾದರು. ನಿಂತು ಕೈ ಮುಗಿದರು. ನಾನೂ ಮುಗಿದೆ, ಬಸ್ಸು ಬಂತು ಎಂದು ಹೊರಟೆ. ಬಸ್ಸು ಬಂದಿರಲಿಲ್ಲ.

ಅವರು ಹೋಗಿ ಹದಿನಾಲ್ಕು ದಿನಕ್ಕೆ ಅವರ ಹೆಂಡತಿ ಫೋನ್ ಮಾಡಿದರು. ಪಟ್ಟಿಯ ಬೀಗದ ಕೈ, ಅಂದರೆ ಪಾಸ್‌ವರ್ಡ್ ಬರೆದ ಹಾಳೆ, ನಿಮಗೇ ಕೊಡಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಬೇಡ ಎನ್ನಬೇಕು ಎಂದುಕೊಂಡೇ ಹೋದೆ. ಆ ತಾಯಿಯ ಮುಖ ನೋಡಿ ಇಸಿದುಕೊಂಡೆ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಪಟ್ಟಿ ತೆರೆದರೆ ತಡೆಹಿಡಿದ ಕಾಗದಗಳು ಎಂದು ಒಂದು ಕೋಣೆ. ಅದರಲ್ಲಿ ನನ್ನ ನಾಲ್ಕೂ ಕಾಗದ ಹಾಗೇ ಇದ್ದವು. ಅಷ್ಟೇ ಅಲ್ಲ. ನನಗಿಂತ ಹಿಂದಿನ ವರ್ಷ ಗುಬ್ಬಿಯ ಬ್ಯಾಂಕಿನವರೊಬ್ಬರು ಬರೆದದ್ದು, ಅದಕ್ಕೂ ಮೊದಲು ಅಂತರಸನಹಳ್ಳಿಯವರೊಬ್ಬರು ಬರೆದದ್ದು. ಅದೇ ನರ್ಸರಿ, ಅದೇ ಲಾರಿ. ಬ್ಯಾಂಕಿನವರಿಗೆ ಫೋನ್ ಮಾಡಿ ಕೇಳಿದೆ. ನಿಮ್ಮ ಫೋಟೋ ಭಾರವಾಗಿದೆ, ಅದಕ್ಕೆ ಹೋಗುತ್ತಿಲ್ಲ ಎಂದು ಹೇಳಿದ್ದರಂತೆ. ಅವರು ಫೋಟೋ ಚಿಕ್ಕದು ಮಾಡಿ ಮಾಡಿ ಸಾಕಾಗಿ ಬಿಟ್ಟಿದ್ದರು. ನಾನೊಬ್ಬಳೇ ಎಂದುಕೊಂಡಿದ್ದೆ. ನನಗೆ ಬೇರೆ, ಅವರಿಗೆ ಬೇರೆ, ಒಬ್ಬೊಬ್ಬರ ಅಳತೆಗೆ ಒಂದೊಂದು ಕಾರಣ ಹೊಲಿದುಕೊಟ್ಟಿದ್ದರು.

ಒಂದನ್ನೂ ಅಳಿಸಿರಲಿಲ್ಲ. ಅಳಿಸಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ನನ್ನ ಕೈಗೇ ಬೀಗದ ಕೈ ಬರುವ ಹಾಗೆ ಮಾಡಿ ಹೋದರು ಎಂದು ಅವರ ಹೆಂಡತಿಯ ಮಾತಿನಿಂದ ತಿಳಿಯುತ್ತದೆ. ಇದನ್ನು ಪ್ರಾಯಶ್ಚಿತ್ತ ಎಂದು ನಾನು ಒಪ್ಪಬೇಕು ಎಂದು ಅವರಿಗೆ ಆಸೆ ಇತ್ತೇನೋ. ನನಗೆ ಒಪ್ಪಲು ಆಗಿಲ್ಲ. ಬದುಕಿದ್ದಾಗ ತಾವೇ ಬಿಡಬಹುದಿತ್ತು. ಅವರು ಹೋದ ಮೇಲೆ ಆ ಕೆಲಸ ನನಗೆ ಬಂತು, ಅವರ ತಂಗಿಯ ಕಣ್ಣಲ್ಲಿ ಕೆಟ್ಟವಳಾಗುವವಳೂ ನಾನೇ ಆದೆ.

ಮಾರನೆಯ ಬೆಳಿಗ್ಗೆ ಎಲ್ಲವನ್ನೂ ಬಿಟ್ಟೆ. ಒಂದಕ್ಷರ ತಿದ್ದಲಿಲ್ಲ. ಬರೆದ ದಿನದ ತಾರೀಕು ಒಳಗೆ ಹಾಗೇ ಇತ್ತು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟಕ್ಕೆ ಕೂತಿದ್ದಾಗ ಮೆಹಬೂಬ್ ಸಾಹೇಬರ ಫೋನ್ ಬಂತು. ಎರಡು ವರ್ಷದ ಮೇಲೆ. ಹಿಂದೆ ಅಂಗಡಿಯ ಸದ್ದಿರಲಿಲ್ಲ, ಗಾಳಿಯ ಸದ್ದಿತ್ತು. ತೋಟದಲ್ಲಿ ನಿಂತು ಮಾತಾಡುತ್ತಿದ್ದರು ಎಂದು ಕಾಣುತ್ತದೆ.

"ನಿಮ್ ಕಾಗದ ಬಂತು ಮೇಡಂ. ತಾರೀಕು ನೋಡ್ದೆ" ಎಂದರು.

ನಾನು ಹೂಂ ಎಂದೆ.

ಊಟದ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟೆ. ಆಮೇಲೆ ಅವರು, "ಆದ್ರೂ ಒಂದ್ ಫೋನ್ ಮಾಡ್ಬೇಕಿತ್ತು ನೀವು" ಎಂದರು.

"ಮಾಡ್ಬೇಕಿತ್ತು ಸಾಹೇಬ್ರೆ" ಎಂದೆ.